ವಡೆಯ ತೂತಿನಲ್ಲಿ ಕಂಡ ಕಂಪನಿ

ನಮ್ಮ ಸೋದರಮಾವನಿಗೆ ಬೈದವರ ಮೇಲೆ ಅನುಮಾನವಿಲ್ಲ, ಲಾಡು ಕೊಟ್ಟವರ ಮೇಲೆ ಮಾತ್ರ! ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಇಪ್ಪತ್ತೆರಡು ವರ್ಷದಿಂದ ಕಾಯಂ ಮೆಕ್ಯಾನಿಕ್. ನಾನು ಅಲ್ಲೇ ಆಫೀಸಿನಲ್ಲಿ ಗುಮಾಸ್ತ, ಅದೂ ಕಾಯಂ ಅಲ್ಲ. ಹಾಗಾಗಿ ನನ್ನ ಮೇಲೂ ಅವರಿಗೆ ಒಂದು ಕಣ್ಣು.

ಯೂನಿಯನ್ ಒಪ್ಪಂದ ಇರುವುದರಿಂದ ಕಾಯಂ ನೌಕರರ ಸಂಬಳಕ್ಕೆ ಕಂಪನಿ ಕತ್ತರಿ ಹಾಕುವಂತಿಲ್ಲ. ಹಾಗಂತ ಕತ್ತರಿ ಸುಮ್ಮನೆ ಕೂರುತ್ತದೆಯೇ? ಒಂದು ದಿನ ಮಾವ ಕ್ಯಾಂಟೀನಿನಲ್ಲಿ ಉದ್ದಿನ ವಡೆಯನ್ನು ಕಣ್ಣಿಗೆ ಹಿಡಿದು, ಅದರ ತೂತಿನೊಳಗಿಂದ ಮ್ಯಾನೇಜರನ್ನೇ ನೋಡಿದರು.

"ಹೋದ ತಿಂಗಳು ಇದ್ರಲ್ಲಿ ನಿಮ್ಮ ಮೂಗಷ್ಟೇ ಕಾಣ್ತಿತ್ತು ಸಾರ್. ಇವತ್ತು ಪೂರ್ತಿ ಮುಖ ಕಾಣ್ತೈತೆ."

ಮ್ಯಾನೇಜರ್ ತಮ್ಮ ವಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ಹೋದರು.

ಆಯುಧಪೂಜೆಗೆ ಕಾಲು ಕೆಜಿ ಬದಲು ಅರ್ಧ ಕೆಜಿ ಸ್ವೀಟು ಬಂತು. ಎಲ್ಲರೂ ಹಿಗ್ಗಿದರೆ ಮಾವ ಡಬ್ಬವನ್ನೇ ಮುಟ್ಟಲಿಲ್ಲ. "ಕಡಿಯೋ ಕುರಿಗೆ ಹಾರ ಹಾಕ್ತಾರೆ ಕಣ್ಲಾ" ಅಂದರು. ಮುಂದಿನ ವಾರವೇ ಓವರ್‌ಟೈಮ್ ನಿಂತಿತು! ಯಾರಾದರೂ ನಿವೃತ್ತರಾದರೆ ಸನ್ಮಾನದ ಭಾಷಣವನ್ನು ಅವರು ಕೇಳುತ್ತಿರಲಿಲ್ಲ. ಖಾಲಿಯಾದ ಜಾಗಕ್ಕೆ ಯಾರು ಬರುತ್ತಾರೆಂದು ಬಾಗಿಲ ಕಡೆ ನೋಡುತ್ತಿದ್ದರು. ಬರುತ್ತಿದ್ದವರು ಗುತ್ತಿಗೆಯವರು, ಅರ್ಧ ಸಂಬಳಕ್ಕೆ.

ಅನುಮಾನ ಮನೆಗೂ ಕಾಲಿಟ್ಟಿತು. ಅತ್ತೆ ಮುದ್ದೆಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿದ್ದೇ ತಡ, ಮಾವ "ಏನನ್ನ ಕಡಿತ ಮಾಡಕ್ಕೆ ಹೊಂಟಿದೀಯ?" ಅಂದರು.

"ನಿಮ್ಮ ಮಾತನ್ನ" ಅಂದರು ಅತ್ತೆ.

ಹೋದ ತಿಂಗಳು ಸ್ವಯಂ ನಿವೃತ್ತಿ ಯೋಜನೆ ಬಂತು. ಹೆಸರು ಸ್ವಯಂ, ಪಟ್ಟಿ ಮಾತ್ರ ಕಂಪನಿಯದು! ಐವತ್ತು ದಾಟಿದ ಕಾಯಂ ನೌಕರರ ಸಹಿ ತರುವ ಕೆಲಸ ನನ್ನ ತಲೆಗೇ ಬಿತ್ತು. ಎಲ್ಲರದೂ ಆಯಿತು, ಮಾವನದೊಂದು ಉಳಿಯಿತು. ಅವರು ಒಲ್ಲೆ ಎಂದರೆ ಯಾರೂ ಬಲವಂತ ಮಾಡುವಂತಿರಲಿಲ್ಲ. ಭಾನುವಾರ ಅರ್ಜಿ ಹಿಡಿದು ಕುಂದಾಣದ ಅವರ ಮನೆಗೆ ಹೋದೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮಾವ ಅರ್ಜಿ ನೋಡಲಿಲ್ಲ, ನನ್ನ ಮುಖ ನೋಡಿದರು.

"ನನ್ನ ಸೈನ್ ತರದೇ ಹೋದ್ರೆ ನಿನ್ನ ಕೆಲಸ ಹೋಯ್ತದೆ ಅಂದವ್ರೇನ್ಲಾ?"

"ಇಲ್ಲ ಮಾವ."

"ಸುಳ್ಳು ಹೇಳ್ಬೇಡ. ಪೆನ್ನು ಕೊಡು."

ನಾನು ಕೊಡಲಿಲ್ಲ. ಅವರೇ ನನ್ನ ಜೇಬಿನಿಂದ ತೆಗೆದುಕೊಂಡು ಸಹಿ ಹಾಕಿದರು. ಆಮೇಲೆ ಅಡುಗೆಮನೆ ಕಡೆ ತಿರುಗಿ, "ಇವನಿಗೂ ತಟ್ಟೆ ಹಾಕು. ಎರಡು ದಿನದಿಂದ ಉಂಡಂಗಿಲ್ಲ" ಅಂದರು.

ಅದೂ ನಿಜವಾಗಿತ್ತು.