ನನ್ನ ಹಸಿರು ವಾರ್ಡು, ಅವರ ಕೆಂಪು ಮರ

ಜನವರಿಯ ಮೊದಲ ಶುಕ್ರವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ: ದೋಹಾದ ಅಬು ಹಮೂರ್‌ನಲ್ಲಿ ಮಗನ ಮನೆಯ ಅಂಗಳ. ಹಾಜರಿದ್ದವರು: ನಾನು, ನಾನು ಸಾಲಾಗಿ ಜೋಡಿಸಿದ ಕುಂಡಗಳು, ಕಂಪೌಂಡಿನ ಬೆಕ್ಕುಗಳು. ಗೈರುಹಾಜರು: ಮಗ ಮತ್ತು ಸೊಸೆ, ರಜಾದಿನವಾದ್ದರಿಂದ ಮಲಗಿದ್ದರು. ಯಾವುದನ್ನೇ ಆಗಲಿ ಹೀಗೆ ವರದಿ ಕೊಟ್ಟೇ ಆರಂಭಿಸುವುದು ನನ್ನ ಅಭ್ಯಾಸ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್ ಆಗಿದ್ದು ನಿವೃತ್ತಳಾದವಳು ನಾನು. ಮನುಷ್ಯರ ಕಾಯಿಲೆಗಳಲ್ಲಿ ಹೆಚ್ಚಿನವನ್ನು ಹತ್ತಿರದಿಂದ ನೋಡಿದ್ದೇನೆ. ಹೊಟ್ಟೆಕಿಚ್ಚನ್ನು ಮಾತ್ರ ಯಾವ ವಾರ್ಡಿಗೂ ಸೇರಿಸಿಕೊಳ್ಳುವುದಿಲ್ಲ. ಜ್ವರವಿಲ್ಲ, ನಾಡಿ ಸರಿಯಿರುತ್ತದೆ, ಊಟವೂ ಸೇರುತ್ತದೆ. ರೋಗಿ ಗಳಿಗೆಗೊಮ್ಮೆ ಗೋಡೆಯ ಹತ್ತಿರ ಹೋಗಿ ಪಕ್ಕದ ಮನೆಯನ್ನು ಇಣುಕುತ್ತಾನೆ, ಅಷ್ಟೇ ಲಕ್ಷಣ. ಇಷ್ಟು ವಯಸ್ಸಾದ ಮೇಲೆ ನನಗದು ತಗಲಿತು, ಅದೂ ಒಂದು ಬಾದಾಮಿ ಮರದಿಂದ.

ಮಗನ ಮನೆಗೆ ಬಂದ ಹೊಸತರಲ್ಲಿ ನನಗೆ ಮಾಡಲು ಕೆಲಸವಿರಲಿಲ್ಲ. ಸೊಸೆ ಶುಭ ಬಟ್ಟೆ ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದೆ. ಆಗ ಅವಳೇ, "ಅತ್ತೆ, ಶುಕ್ರವಾರ ಸಂಜೆ ನಮ್ಮ ಊರಿನವರನ್ನೆಲ್ಲ ಚಹಾಕ್ಕೆ ಕರೆಯುವ, ನಿಮ್ಗೂ ಹೊತ್ತು ಹೋಗ್ತದೆ" ಎಂದಳು. ಹಾಗೆ ಶುರುವಾದದ್ದು ನನ್ನ ಶುಕ್ರವಾರದ ಚಹಾ. ಐದಕ್ಕೆ ಸರಿಯಾಗಿ ಗೋಳಿಬಜೆ, ಐದೂಕಾಲಿಗೆ ಚಹಾ, ಆರೂವರೆಗೆ ಕುರ್ಚಿಗಳು ಒಳಗೆ. ಓಲ್ಡ್ ಏರ್‌ಪೋರ್ಟ್ ಬಡಾವಣೆಯಿಂದ ಪುಷ್ಪಾ ಶೆಟ್ಟಿ ಗಂಡ ಮಕ್ಕಳೊಂದಿಗೆ ಬರುತ್ತಿದ್ದಳು, ಇನ್ನೂ ಕೆಲವು ಮನೆಯವರು ಬರುತ್ತಿದ್ದರು. ಗೋಡೆಯಾಚೆಯ ಮನೆಯಿಂದ ಉಳ್ಳಾಲದ ಬೀಫಾತಿಮ್ಮ ಬರುತ್ತಿದ್ದರು. ನನ್ನ ಪ್ರಾಯದವರೇ, ಅವರೂ ಮಗನ ಮನೆಯಲ್ಲಿರುವವರು. ವಾರದ ಆರು ದಿನ ನಾನು ಈ ಊರಿನಲ್ಲಿ ಯಾರೋ ಒಬ್ಬರ ತಾಯಿ. ಶುಕ್ರವಾರ ಸಂಜೆ ಮಾತ್ರ ಮತ್ತೆ ಮೇಟ್ರನ್.

ಕತಾರಿನಲ್ಲಿ ಶರತ್ಕಾಲ ಬಂತೆಂದು ಗೊತ್ತಾಗುವುದು ಏಸಿಯ ಸದ್ದು ನಿಂತಾಗ. ಗಿಡಮರಗಳಿಗೆ ಆ ಸುದ್ದಿ ಇನ್ನೂ ತಡವಾಗಿ ಮುಟ್ಟುತ್ತದೆ. ಡಿಸೆಂಬರಿನಲ್ಲಿ ಬೀಫಾತಿಮ್ಮನ ಅಂಗಳದ ಬಾದಾಮಿ ಮರ ಕೆಂಪಾಗತೊಡಗಿತು. ಮೊದಲು ಅಂಚು, ಆಮೇಲೆ ಇಡೀ ಎಲೆ, ಆಮೇಲೆ ಇಡೀ ಮರ. ಮಣ್ಣಿನ ಬಣ್ಣದ ಗೋಡೆಗಳ ನಡುವೆ ಅದೊಂದೇ ಮದುವೆ ಸೀರೆ ಉಟ್ಟು ನಿಂತ ಹಾಗಿತ್ತು. ನನ್ನ ಅಂಗಳದಲ್ಲಿ ಕುಳಿತವರೆಲ್ಲ ಕತ್ತು ತಿರುಗಿಸಿ ಅತ್ತಲೇ ನೋಡತೊಡಗಿದರು. ಒಂದು ಶುಕ್ರವಾರ ಪುಷ್ಪಾ, "ಇವತ್ತೊಂದಿನ ಕುರ್ಚಿ ಆಚೆ ಹಾಕುವನಾ? ಫಾರಿನ್ ಕ್ಯಾಲೆಂಡರಿನ ಹಾಗೆ ಉಂಟು ಮಾರಾಯ್ರೆ" ಎಂದಳು. ಮುಂದಿನ ವಾರ ಅವಳು ಕೇಳಲೂ ಇಲ್ಲ, ನೇರ ಆಚೆಯ ಗೇಟಿಗೇ ಹೋದಳು. ನಾನು ಗೋಳಿಬಜೆಯ ಪಾತ್ರೆ ಹಿಡಿದುಕೊಂಡು ಹಿಂದಿನಿಂದ ಹೋದೆ.

ಸಂಕಟವಾದದ್ದು ಏನೆಂದರೆ, ಆ ಮರವನ್ನು ಯಾರೂ ನೆಟ್ಟದ್ದೇ ಅಲ್ಲ. ಯಾರೋ ತಿಂದು ಎಸೆದ ಬೀಜ, ತಾನೇ ಮೊಳೆತದ್ದು. ಬೀಫಾತಿಮ್ಮ ಅದರ ಎಲೆಯನ್ನು ಗುಡಿಸುವುದೂ ಇಲ್ಲ. ಜನ ಅದರ ಮೇಲೆ ಚರಚರ ಎಂದು ನಡೆದುಕೊಂಡು ಹೋಗಿ, "ಎಷ್ಟು ಚಂದ" ಎನ್ನುತ್ತಾರೆ. ಊರಲ್ಲಿ ಹೊತ್ತು ಮೂಡುವ ಮೊದಲು ಅಂಗಳ ಗುಡಿಸದ ಮನೆಗೆ ಹೆಣ್ಣು ಕೊಡಲು ಯೋಚಿಸುತ್ತಿದ್ದೆವು. ನಾನಂತೂ ಇಲ್ಲಿಗೆ ಬರುವಾಗ ತೆಂಗಿನ ಕಡ್ಡಿಯ ಹಿಡಿಸೂಡಿಯನ್ನು ಸೂಟ್‌ಕೇಸಿನಲ್ಲೇ ತಂದವಳು. ವಿಮಾನ ನಿಲ್ದಾಣದ ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಇದೇನು ಎಂದು ಕೈಸನ್ನೆ ಮಾಡಿದ. ನಾನು ಅವನ ಮೇಜಿನ ಮುಂದಿನ ನೆಲವನ್ನು ಗುಡಿಸಿ ತೋರಿಸಿದೆ. ಅವನ ಕಾಲಡಿಯನ್ನೂ ಗುಡಿಸಲು ಹೊರಟಾಗ, "ಖಲಾಸ್, ಖಲಾಸ್, ಯಲ್ಲಾ" ಎಂದು ಕಳುಹಿಸಿಬಿಟ್ಟ.

ಕೆಂಪಿಗೆ ಕೆಂಪಿನಿಂದಲೇ ಉತ್ತರ ಎಂದು ತೀರ್ಮಾನಿಸಿದೆ. ಮಗನನ್ನು ಗಿಡಗಳ ಮಾರುಕಟ್ಟೆಗೆ ಹೊರಡಿಸಿ, ಸೊಂಟದೆತ್ತರದ ಬಾದಾಮಿ ಸಸಿ, ಅಂಜೂರ, ದಾಳಿಂಬೆ ಎಲ್ಲ ತಂದೆ. ಚಳಿಗೆ ಬಾದಾಮಿ ಕೆಂಪಾಗುತ್ತದೆ, ಉಳಿದೆರಡು ಹಳದಿಯಾಗುತ್ತವೆ ಎಂದು ಅಂಗಡಿಯ ಮಲಯಾಳಿ ಭರವಸೆ ಕೊಟ್ಟಿದ್ದ. ಎತ್ತರದವು ಹಿಂದೆ, ಗಿಡ್ಡವು ಮುಂದೆ, ನಡುವೆ ಟ್ರಾಲಿ ಹೋಗುವಷ್ಟು ಜಾಗ. ದಿನಾ ಬೆಳಿಗ್ಗೆ ಆರಕ್ಕೆ ರೌಂಡ್ಸ್. ಪ್ರತಿಯೊಂದು ಗಿಡದ ಮುಂದೆ ನಿಂತು, ಎಲೆ ಎತ್ತಿ ನೋಡಿ, ಕೆಟ್ಟದ್ದನ್ನು ಕಿತ್ತು, ನೀರು ಹಾಕಿ, ಮುಂದೆ. ಗಿಡಗಳು ಹಸಿರೋ ಹಸಿರು. ಆಚೆ ಮರ ದಿನದಿಂದ ದಿನಕ್ಕೆ ಕೆಂಪಾಗುತ್ತಿದ್ದರೆ, ಈಚೆ ನನ್ನ ಗಿಡಗಳು ಆರೋಗ್ಯದಿಂದ ತುಳುಕುತ್ತಿದ್ದವು.

ಕೊನೆಗೆ ನಾಚಿಕೆ ಬಿಟ್ಟು ಬೀಫಾತಿಮ್ಮನನ್ನೇ ಕೇಳಿದೆ, ಮರಕ್ಕೆ ಏನು ಹಾಕುತ್ತೀರಿ ಎಂದು.

"ನಾನೆಂತ ಹಾಕುದಿಲ್ಲ ಸುಮತಿಯಕ್ಕ. ಮೀನು ತೊಳೆದ ನೀರು ಒಮ್ಮೊಮ್ಮೆ ಚೆಲ್ತೇನೆ, ಅಷ್ಟೇ."

ಗುಟ್ಟು ಸಿಕ್ಕಿತೆಂದು ಮರುದಿನವೇ ಮೂರು ಬೂತಾಯಿ ಮೀನಿಗೆ ಒಂದು ಬಕೆಟ್ ನೀರು ಬಳಸಿ ತೊಳೆದು, ಎಲ್ಲ ಗಿಡಗಳಿಗೂ ಸಮನಾಗಿ ಹಂಚಿದೆ. ಬಣ್ಣ ಬರಲಿಲ್ಲ, ಬೆಕ್ಕುಗಳು ಬಂದವು. ಅಂದಿನಿಂದ ನನ್ನ ರೌಂಡ್ಸಿಗೆ ಬೆಕ್ಕುಗಳು ತಪ್ಪದೆ ಹಾಜರು. ಶುಭ ಕಿಟಕಿಯಿಂದ ನೋಡಿ, "ಅತ್ತೆ, ನಿಮಗೆ ಸ್ಟಾಫ್ ಸಿಕ್ಕಿದ್ರಲ್ಲ" ಎಂದಳು.

ಜನವರಿಯ ಆ ಮೊದಲ ಶುಕ್ರವಾರ ಬೆಳಿಗ್ಗೆಯೂ ರೌಂಡ್ಸ್ ನಡೆದಿತ್ತು. ಬಾದಾಮಿ ಸಸಿಯ ಒಂದು ಎಲೆಯ ಅಂಚು ತುಸು ಹಳದಿಯಾಗಿತ್ತು. ಕಿತ್ತು ಚೀಲಕ್ಕೆ ಹಾಕಿದೆ. ಗೋಡೆಯ ಮೇಲಿನಿಂದ ಬೀಫಾತಿಮ್ಮನ ಮುಖ ಮೂಡಿತು.

"ಅದನ್ನು ಯಾಕೆ ಕಿತ್ತದ್ದು?"

"ಹಾಳಾಗಿತ್ತು."

"ಹಾಳಾದದ್ದಲ್ಲ ಅಕ್ಕ, ಕೆಂಪಾಗ್ಲಿಕ್ಕೆ ಹೊರಟದ್ದು. ನೀವು ದಿನಾ ಹೀಗೇ ಕೀಳುದಾ?"

"ದಿನಾ."

ಅವರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಪಾಪ" ಎಂದರು. ಅದು ನನಗೋ, ಗಿಡಕ್ಕೋ ತಿಳಿಯಲಿಲ್ಲ. ಹಳದಿ ಎಂದರೆ ಕಾಮಾಲೆ ಎಂದೇ ಕಲಿತವಳು ನಾನು. ಬಣ್ಣ ಬರಲೆಂದು ತಂದ ಗಿಡಗಳಲ್ಲಿ, ಬಣ್ಣ ಇಣುಕಿದ ಎಲೆಯನ್ನೆಲ್ಲ ಅಂದಂದೇ ಡಿಸ್ಚಾರ್ಜ್ ಮಾಡಿ ಕಳುಹಿಸಿದ್ದೆ.

ಇನ್ನು ಒಂದು ಎಲೆಯನ್ನೂ ಮುಟ್ಟುವುದಿಲ್ಲ ಎಂದು ನಿಶ್ಚಯಿಸಿ ಒಳಗೆ ಹೋದೆ. ಅಂಜೂರದ ಕೆಳಗೆ ಒಂದು ಎಲೆ ಬಿದ್ದಿತ್ತು, ಬಿಟ್ಟೆ. ಮಧ್ಯಾಹ್ನಕ್ಕೆ ಎರಡು ಎಲೆಯಾದವು, ಬಿಟ್ಟೆ. ಕೈಗೆ ಏನೋ ಕಡಿತ ಶುರುವಾಯಿತು. ಶುಭ ಮಡಚಿದ ಬಟ್ಟೆಯನ್ನೆಲ್ಲ ಮತ್ತೊಮ್ಮೆ ಮಡಚಿದರೂ ಹೋಗಲಿಲ್ಲ. ನಾಲ್ಕು ಗಂಟೆಗೆ, ಅಡುಗೆಗೆ ಸಹಾಯ ಮಾಡುವ ನೆವದಲ್ಲಿ ಆಚೆ ಮನೆಗೆ ಹೋದೆ. ಬೀಫಾತಿಮ್ಮ ಒಳಗೆ ಎಣ್ಣೆಯಲ್ಲಿ ಬಾಳೆಹಣ್ಣಿನ ಪೋಡಿ ಕಾಯಿಸುತ್ತಿದ್ದರು. ಅಂಗಳದಲ್ಲಿ ಯಾರೂ ಇರಲಿಲ್ಲ. ನೆಲದ ತುಂಬ ಅಂಗೈಯಗಲದ ಕೆಂಪು ಎಲೆಗಳು. ನಲ್ಲಿಯ ಪಕ್ಕದಲ್ಲಿ ಉದ್ದ ಕೋಲಿನ ಪೊರಕೆ.

ಆಮೇಲೆ ನಡೆದದ್ದನ್ನು ಕೈಯ ಅಭ್ಯಾಸ ಎಂದು ನಾನು ಹೇಳುತ್ತೇನೆ, ಹೊಟ್ಟೆಕಿಚ್ಚು ಎಂದು ಮಗ ಹೇಳುತ್ತಾನೆ. ಪುಷ್ಪಾ ಬರುವ ಹೊತ್ತಿಗೆ ಅಂಗಳ ಆಪರೇಷನ್ ಥಿಯೇಟರಿನ ಹಾಗೆ ಹೊಳೆಯುತ್ತಿತ್ತು, ಎಲೆಗಳು ಕಪ್ಪು ಚೀಲಗಳಲ್ಲಿ ಬಾಯಿ ಕಟ್ಟಿಸಿಕೊಂಡು ಗೇಟಿನ ಬಳಿ ಕುಳಿತಿದ್ದವು. ಅವಳು ಅಂದು ಕ್ಯಾಮರಾ ತಂದಿದ್ದಳು, ಮಕ್ಕಳನ್ನು ಎಲೆಗಳ ಮೇಲೆ ಕೂರಿಸಿ ಫೋಟೋ ತೆಗೆದು ಊರಿಗೆ ಕಳುಹಿಸಲು.

"ಎಲೆ ಎಲ್ಲಿ?" ಎಂದಳು.

ಪೊರಕೆ ನನ್ನ ಕೈಯಲ್ಲೇ ಇತ್ತು. ಬೀಫಾತಿಮ್ಮ ಪೋಡಿಯ ತಟ್ಟೆ ಹಿಡಿದು ಹೊರಬಂದು, ಅಂಗಳವನ್ನು ನೋಡಿದರು, ಚೀಲಗಳನ್ನು ನೋಡಿದರು, ನನ್ನನ್ನು ನೋಡಿದರು. "ಎಂತ ಇಲ್ಲ, ಸುಮತಿಯಕ್ಕ ಈಗ ವಾಪಸ್ ಹಾಕ್ತಾರೆ" ಎಂದು ಕುರ್ಚಿ ಎಳೆದು ಕುಳಿತರು.

ಚೀಲ ಬಿಚ್ಚಿದೆ. ಎಲ್ಲರೂ ಚಹಾ ಕುಡಿಯುತ್ತಾ ನೋಡುತ್ತಿದ್ದರು. ಒಂದೊಂದೇ ಎಲೆಯನ್ನು ತೆಗೆದು, ತೊಟ್ಟು ಮರದ ಕಡೆಗೆ ಬರುವ ಹಾಗೆ ಇಡುತ್ತ ಹೋದೆ.

"ಸಾಲಾಗಿ ಇಡ್ಬೇಡಿ ಅಕ್ಕ," ಎಂದರು ಬೀಫಾತಿಮ್ಮ, "ಸುಮ್ನೆ ಬಿಸಾಡಿ."

ಬಿಸಾಡಲು ನನಗೆ ಬರುವುದಿಲ್ಲ. ಆದಷ್ಟು ಪ್ರಯತ್ನಿಸಿದೆ. ಪುಷ್ಪಾಳ ಮಕ್ಕಳು ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರು. ಮೊದಲಿಗಿಂತ ಈಗಲೇ ಚಂದ ಕಾಣುತ್ತದೆ ಎಂದು ಎಲ್ಲರೂ ಒಪ್ಪಿದರು, ಮುಂದಿನ ಶುಕ್ರವಾರವೂ ಚಹಾ ಇಲ್ಲೇ, ಸುಮತಿಯಕ್ಕ ಸ್ವಲ್ಪ ಮೊದಲೇ ಬಂದು ಎಲೆ ಹಾಸಿ ಕೊಡಲಿ ಎಂದೂ ತೀರ್ಮಾನಿಸಿದರು. ಕೊನೆಯ ಚೀಲ ಖಾಲಿ ಮಾಡಿ, ಕೊಡವಿ, ನಾಲ್ಕಾಗಿ ಮಡಚಿ ಗೇಟಿನ ಬಳಿ ಇಟ್ಟು ಮನೆಗೆ ಬಂದೆ.