ಎಮ್ಮಿಗೆ ಕಟ್ಟಿದ ಗೇರ್‌ಬಾಕ್ಸ್

ಗ್ಯಾರೇಜ್ ಇಟ್ಕೊಂಡೋನಿಗೆ ಇಂಥವು ತಪ್ಪಂಗಿಲ್ರಿ. ಇಂಜಿನ್ ಬಿಚ್ಚಿದ್ರ ಬರೇ ಮಸಿ ಕಾಣ್ತೈತಿ, ಗೇರ್‌ಬಾಕ್ಸ್ ಬಿಚ್ಚಿದ್ರ ಮಾತ್ರ ಮನಿಯೋರ ಕಥಿಯೆಲ್ಲಾ ಹೊರಗ ಬರ್ತೈತಿ. ಕೊಟ್ಟೂರಾಗ ನಾನು ಮೂವತ್ತು ವರ್ಷ ಸ್ಪ್ಯಾನರ್ ಹಿಡದೀನಿ. ಎಷ್ಟೋ ಬಿಚ್ಚೀನಿ, ಎಷ್ಟೋ ಮರತೀನಿ. ಆದ್ರ ತೊಂಬತ್ತರ ದಶಕದ ಕೊನಿಗೆ ನಮ್ಮ ಹೆಡ್‌ಮಾಸ್ಟ್ರ ಕಾರಿಗೆ ಗೇರ್‌ಬಾಕ್ಸ್ ಬದಲು ಮಾಡಿದ್ದು ಮರತಿಲ್ಲ. ನಗಬೇಕೋ ಅಳಬೇಕೋ ಆಗಲೂ ತಿಳೀಲಿಲ್ಲ, ಈಗಲೂ ತಿಳೀವಲ್ದು.

೧. ದೇವ್ರು ಒಪ್ಪಿದ್ದು

ಹೆಡ್‌ಮಾಸ್ಟ್ರು ರಿಟೈರ್ ಆಗಿದ್ರು. ನನಗ ಮೂರನೇ ಕ್ಲಾಸಿನಾಗ ಕಲಿಸಿದೋರು. ಅವ್ರ ಕಾರು ಇಂಗ್ಲೆಂಡಿನಾಗ ತಯಾರಾಗಿದ್ದು, ಗುಂಡಗ ಇತ್ತು, ಗೇರಿನ ಕಡ್ಡಿ ಸ್ಟೇರಿಂಗ್ ಪಕ್ಕಕ್ಕ. ಗೇರ್‌ಬಾಕ್ಸ್ ಒಡದು ಹದಿನೈದು ವರ್ಷದಿಂದ ಮನಿ ಮುಂದಿನ ಬೇವಿನ ಗಿಡದ ಕೆಳಗ ನಿಂತಿತ್ತು.

ಒಂದಿನ ಗ್ಯಾರೇಜಿಗೆ ಬಂದು, "ತಮ್ಮಾ, ಕಾರು ನಡೀಬೇಕು. ನಾಲ್ಕು ವಾರ ಟೈಮ್ ಐತಿ" ಅಂದ್ರು. ಅವ್ರ ಹೆಂಡ್ತಿ ಅಮ್ಮಾರಿಗೆ ಹಾರ್ಟಿನ ಆಪರೇಷನ್ ಅಂತ ದಾವಣಗೆರಿ ಡಾಕ್ಟ್ರು ದಿನಾ ಗೊತ್ತು ಮಾಡಿದ್ರು. ಅಮ್ಮಾರು ಮಾತ್ರ ಒಲ್ಲೆ ಅಂತ ಕುಂತಿದ್ರು. ಹದಿನೈದು ವರ್ಷದ ಹಿಂದ ಪೂಜಾ ಬುಟ್ಟಿ ತೊಡಿ ಮ್ಯಾಲೆ ಇಟ್ಕೊಂಡು ಇದೇ ಕಾರಿನಾಗ ನೀಲಗುಂದದ ಭೀಮೇಶ್ವರನ ಗುಡಿಗೆ ಹೊಂಟಾಗ ಅರ್ಧ ದಾರಿಯಾಗ ಗೇರ್‌ಬಾಕ್ಸ್ ಒಡದಿತ್ತು. ವಾಪಸ್ ಬಂದ್ರು. "ಇದೇ ಕಾರಿನಾಗ ಬರ್ತೀನಪ್ಪಾ" ಅಂತ ಅಲ್ಲೇ ರೋಡಿನ ಮ್ಯಾಲೆ ಕೈ ಮುಗಿದಿದ್ರಂತ. ಆಮ್ಯಾಲೆ ಅವ್ರಿಗೆ ಕಣ್ಣೂ ಹೋದ್ವು. ಮಾತು ಮಾತ್ರ ಹಂಗೇ ಉಳೀತು. ನೀಲಗುಂದ ಆದ ಮ್ಯಾಲೇ ಆಪರೇಷನ್ ಅಂತ ಹಟ.

"ಬಸ್ಸಿನಾಗ ಹೋದ್ರ ದೇವ್ರು ಬ್ಯಾಡ ಅಂತಾನೇನ್ರಿ ಸರ್?" ಅಂದೆ.

ಹೆಡ್‌ಮಾಸ್ಟ್ರು ಕನ್ನಡಕ ಒರಸ್ಕೊಂತ, "ನಾನೇ ಹೋಗಿ ಕೈಮುಗಿದು ಕೇಳಿ ಬಂದೀನಪಾ. ಭೀಮೇಶ್ವರ ಒಪ್ಯಾನ. ಇಕಿ ಒಪ್ಪವಲ್ಳು" ಅಂದ್ರು.

೨. ಎಮ್ಮಿ ಒಪ್ಪಿದ್ದು

ಅಂಥಾ ಗೇರ್‌ಬಾಕ್ಸ್ ಎಲ್ಲಿ ಸಿಗಬೇಕ್ರಿ? ಕೂಡ್ಲಿಗಿ ನೋಡಿದೆ, ಹಗರಿಬೊಮ್ಮನಹಳ್ಳಿ ನೋಡಿದೆ, ಗುಜರಿ ಅಂಗಡಿಯೋರ ಮುಂದ ಹಲ್ಲು ಕಿಸದು ಸಾಕಾತು. ಎರಡು ವಾರ ಹಂಗೇ ಹೋದ್ವು. ಕೊನಿಗೆ ಹಡಗಲಿ ಗುಜರಿಯವ, "ಇಟ್ಟಿಗಿ ಊರಾಗ ಒಬ್ಬ ರೈತನ ಮನ್ಯಾಗ ಇಂಥಾದ್ದೇ ಕಾರು ಇತ್ತು ನೋಡು" ಅಂದ.

ಇಟ್ಟಿಗಿಗೆ ಹೋದ್ರ ಕಾರು ಇಲ್ಲ. ಆ ರೈತ ಮುದುಕಪ್ಪ ಅದನ್ನ ಯಾವಾಗೋ ಗುಜರಿಗೆ ತೂಕಕ್ಕ ಹಾಕಿದ್ದ. ಗೇರ್‌ಬಾಕ್ಸ್ ಮಾತ್ರ ಇಟ್ಕೊಂಡಿದ್ದ, ಯಾಕಂದ್ರ ಅದಕ್ಕ ಎಮ್ಮಿ ಕಟ್ಟಿದ್ದ! ತೂತಿಗೆಲ್ಲಾ ಗೋಣಿಚೀಲ ತುರುಕಿ, ಮ್ಯಾಲೆ ವಿಭೂತಿ ಬಳದಿದ್ದ. ಗೋಣಿ ಕಿತ್ತು ಒಳಗ ನೋಡಿದೆ. ಹಳೇ ಎಣ್ಣಿ ಜೇನಿನಂಗ ಗಟ್ಟಿಯಾಗಿ ಕುಂತಿತ್ತು, ಒರಸಿದ್ರ ಗೇರಿನ ಹಲ್ಲು ಒಂದೂ ಸವದಿಲ್ಲ. ನನ್ನ ಕಣ್ಣಾಗ ನೀರು ಬಂತು.

"ಯಜಮಾನ್ರ, ಇದನ್ನ ಕೊಡ್ರಿ. ಒಂದು ಜೀವದ ಪ್ರಶ್ನಿ ಐತಿ" ಅಂತ ಎಲ್ಲಾ ಹೇಳಿದೆ.

ಮುದುಕಪ್ಪ ಮರುಗಿದ. "ಪಾಪ, ತಗೊಂಡ್ಹೋಗಪಾ. ಆದ್ರ ಎಮ್ಮಿ?"

"ಗೂಟಕ್ಕ ಕಟ್ರಿ."

"ಗೂಟಾ ಕಿತ್ಕೊಂಡು ಹೋಗ್ತೈತಿ. ಕಲ್ಲಿಗೆ ಕಟ್ಟಿದ್ರ ಹಾಲು ಬಿಡಂಗಿಲ್ಲ. ಅದಕ್ಕ ಇದೇ ರೂಢಿ ಆಗೇತಿ."

ಏನ್ ಮಾಡ್ತೀರಿ? ಕೊಟ್ಟೂರಿಗೆ ವಾಪಸ್ ಬಂದೆ. ಹೆಡ್‌ಮಾಸ್ಟ್ರ ಕಾರಿನ ಒಡದ ಗೇರ್‌ಬಾಕ್ಸ್ ಇಳಿಸಿ, ಟೆಂಪೋದಾಗ ಹೇರ್ಕೊಂಡು ಮತ್ತ ಇಟ್ಟಿಗಿಗೆ ಹೋದೆ. ಎಮ್ಮಿ ಮುಂದ ಇಟ್ಟೆ. ಎಮ್ಮಿ ಮೂಸಿ ನೋಡ್ತು, ಒಂದು ಸಲ ನೆಕ್ಕಿತು, ಮಲಕ್ಕೊಂತು.

ಮುದುಕಪ್ಪ ತಲಿ ಆಡಿಸಿ, "ಅದೇ ಕಂಪನಿದು ಐತಿ ಬಿಡು" ಅಂದ.

೩. ಲಿಂಬಿಹಣ್ಣು ಉಳದಿದ್ದು

ಗೇರ್‌ಬಾಕ್ಸ್ ಕೂಡ್ರಿಸೋದಕ್ಕ ಒಂದು ವಾರ ಹಿಡೀತು. ಹೆಡ್‌ಮಾಸ್ಟ್ರು ಹೆಂಡ್ತಿಗೆ ಮೆತ್ತಗಿರ್ಲಿ ಅಂತ ಸೀಟೂ ಹೊಸದು ಹೊಲಿಸಿದ್ರು. ಶುಕ್ರವಾರ ಕಾರು ತೊಳದು, ಹಾರ ಹಾಕಿ, ನಾಲ್ಕೂ ಗಾಲಿ ಮುಂದ ಲಿಂಬಿಹಣ್ಣು ಇಟ್ರು. ನಾನೂ ಬಿಸ್ಮಿಲ್ಲಾ ಅಂದೆ. ಓಣಿ ಮಂದಿಯೆಲ್ಲಾ ಕೂಡಿತ್ತು. ಅಮ್ಮಾರು ಕಟ್ಟಿ ಮ್ಯಾಲೆ ಕೈ ಜೋಡಿಸ್ಕೊಂಡು ಕುಂತಿದ್ರು.

ಹೆಡ್‌ಮಾಸ್ಟ್ರು ಗೇರು ಹಾಕಿ ಕ್ಲಚ್ ಬಿಟ್ರು. ಕಾರು ಗುರ್ರ್ ಅಂತ ಹಿಂದಕ್ಕ ಹೋತು! ಹೋಗಿ ಪಕ್ಕದ ಮನಿ ಸಗಣಿ ಕುಳ್ಳಿನ ಬಣವಿಗೆ ಬಡದು ನಿಂತಿತು. ಸ್ಟೇರಿಂಗ್ ಕಡಿಂದ ಗೇರ್‌ಬಾಕ್ಸಿಗೆ ಹೋಗೋವು ಕೆಳಗ ಎರಡು ಕಡ್ಡಿ ಇರ್ತಾವ್ರಿ, ನಾನು ಅದನ್ನ ಇದಕ್ಕ, ಇದನ್ನ ಅದಕ್ಕ ಹಾಕಿಬಿಟ್ಟಿದ್ದೆ. ಮುಂದಿನ ಗೇರು ಹಾಕಿದ್ರ ಹಿಂದಿಂದು ಬೀಳ್ತಿತ್ತು.

ಮಂದಿ ಮಾರಿ ಮಾರಿ ನೋಡ್ಕೊಂಡ್ರು. "ಮದ್ಲನೇ ಸಲಾನೇ ಹಿಂದಕ್ಕ ಹೋತು, ದೇವ್ರು ಬ್ಯಾಡ ಅಂತಾನ" ಅಂತ ಒಬ್ಬಾಕಿ ಅಂದೇಬಿಟ್ಳು. ಈ ಮಾತು ಅಮ್ಮಾರ ಕಿವಿಗೆ ಬಿದ್ರ ಆಪರೇಷನ್ ಕಥಿ ಮುಗೀತಲ್ಲಪ್ಪಾ ಅಂತ ಹೆದರಿ ಕಟ್ಟಿ ಕಡೆ ನೋಡಿದೆ.

ಅಮ್ಮಾರು ಕಿವಿ ಕೊಟ್ಟು ಕೇಳಿ, "ಲಿಂಬಿಹಣ್ಣು ಒಡದ ಸಪ್ಪಳ ಬರಲಿಲ್ಲ. ಉಳದಾವಂದ್ರ ಎಲ್ಲಾರ್ಗೂ ಪಾನಕ ಮಾಡ್ರಿ" ಅಂದ್ರು.

೪. ಗೇರ್‌ಬಾಕ್ಸಿಗೆ ನೀರು ಕೊಟ್ಟಿದ್ದು

ಕಡ್ಡಿ ಸರಿ ಮಾಡಿದೆ. ಭಾನುವಾರ ಮುಂಜಾನೆ ಹೊಂಟ್ವಿ. ಮರುದಿನ ದಾವಣಗೆರಿಗೆ ಹೋಗಿ ಅಡ್ಮಿಟ್ ಆಗಬೇಕು. ಹೆಡ್‌ಮಾಸ್ಟ್ರು ಸ್ಟೇರಿಂಗ್ ಮುಂದ, ಪಕ್ಕಕ್ಕ ನಾನು, ಹಿಂದ ಪೂಜಾ ಬುಟ್ಟಿ ಹಿಡ್ಕೊಂಡು ಅಮ್ಮಾರು. ಇಟ್ಟಿಗಿ ಗೇರ್‌ಬಾಕ್ಸ್ ಬೆಣ್ಣಿಯಂಗ ಹೊಂಟಿತ್ತು. ನನಗ ಹೆಮ್ಮಿಯೋ ಹೆಮ್ಮಿ.

ಓಣಿ ದಾಟಿದ್ದೇ ಅಮ್ಮಾರು, "ನಿಲ್ಲಸ್ರಿ. ಇದು ನಮ್ಮ ಕಾರಲ್ಲ" ಅಂದ್ರು.

"ನಮ್ಮದೇ ಐತಿ ಮಾರಾಯ್ತಿ!"

"ನಮ್ಮ ಕಾರು ಒಂದನೇ ಗೇರಿನಾಗ ಅಳತಿತ್ತು. ಎರಡನೇದ್ರಾಗ ಮುಲುಗತಿತ್ತು. ಇದು ತುಟಿ ಬಿಚ್ಚವಲ್ದು. ಸೀಟೂ ಬ್ಯಾರೆ ಐತಿ. ಕುರುಡಿ ಅಂತ ಬಾಡಿಗಿ ಕಾರು ತಂದು ದೇವ್ರ ಮುಂದ ನನ್ನ ಸುಳ್ಳಿ ಮಾಡ್ತೀರಾ?"

ಹೆಡ್‌ಮಾಸ್ಟ್ರು ನನ್ನ ಮಾರಿ ನೋಡಿದ್ರು. ಜೀವನದಾಗ ನೂರಾರು ಹುಡುಗ್ರನ್ನ ಅಂಜಿಸಿದ ಮನುಷ್ಯಾ, ನನ್ನ ಕಿವಿ ಹತ್ರ ಬಗ್ಗಿದ್ರು. "ಹಳೇದನ್ನ ಹಾಕಾಕ ಬರ್ತೈತೇನೋ?" ಅಂತ ಪಿಸುಗುಟ್ಟಿದ್ರು. ಹಳೇದು ಒಡದೈತಿ, ಅದೂ ಇಟ್ಟಿಗಿಯಾಗ ಎಮ್ಮಿ ಕಾಯ್ಕೊಂತ ಬಿದ್ದೈತಿ!

"ಅಮ್ಮಾರೆ, ಎಣ್ಣಿ ಜಾಸ್ತಿ ಆಗೇತಿ, ಅದಕ್ಕ ಗಪ್ಪಾಗೇತಿ. ತಡೀರಿ" ಅಂದೆ. ಇಳದು ಕಾರಿನ ಕೆಳಗ ಹೋಗಿ ಸ್ಪ್ಯಾನರಿಂದ ಎರಡು ಸಲ ಟಣ್ ಟಣ್ ಬಡದು, ಬಂದು ಕುಂತೆ. ಹೆಡ್‌ಮಾಸ್ಟ್ರು ಒಂದನೇ ಗೇರು ಹಾಕಿದ್ರು. ನಾನು ಬಾಯಿ ಮುಚ್ಚಿ ಮೂಗಿನಾಗ "ಗುಂಯ್ಯ್ಯ್ಯ್" ಅಂದೆ. ಎರಡನೇದು ಹಾಕಿದ್ರು, ಧ್ವನಿ ಇಳಿಸಿ "ಗುಮ್ಮ್ಮ್" ಅಂದೆ.

ಹಿಂದ ಅಮ್ಮಾರು ಬುಟ್ಟಿ ತೊಡಿ ಮ್ಯಾಲೆ ಸರಿಯಾಗಿ ಇಟ್ಕೊಂಡ್ರು. ಆಮ್ಯಾಲೆ, "ಹೂಂ. ನಡೀರಿ" ಅಂದ್ರು.

ಕೊಟ್ಟೂರಿಂದ ಹರಪನಹಳ್ಳಿ ದಾಟಿ ನೀಲಗುಂದದ ತನಕ ನಾನು ಗೇರ್‌ಬಾಕ್ಸ್ ಆಗೀನ್ರಿ. ಅರಸೀಕೆರಿ ಸಂತಿಗೆ ಹೊಂಟ ಲಾರಿ ಅಡ್ಡ ಬಂದಾಗ ನಾಲ್ಕು ಸಲ ಒಂದನೇ ಗೇರಿಗೆ ಬಂದೆ. ಹರಪನಹಳ್ಳಿ ಬಸ್‌ಸ್ಟ್ಯಾಂಡ್ ಹತ್ರ ಒಬ್ಬ ಪೊಲೀಸಪ್ಪ ಕಿಟಕಿಯಾಗ ಬಗ್ಗಿ ನನ್ನನ್ನೇ ನೋಡಿದ. "ಏನಾಗೇತ್ರಿ ಇವ್ರಿಗೆ?" ಅಂತ ಕೇಳಿದ. ಹೆಡ್‌ಮಾಸ್ಟ್ರು ಮಾರಿ ಒಂಚೂರೂ ಸಡ್ಲ ಬಿಡದಂಗ, "ಗೇರ್‌ಬಾಕ್ಸ್ ಹಳೇದು. ಸಪ್ಪಳಾ ಮಾಡ್ತೈತಿ" ಅಂದ್ರು. ಅವನು ಗಾಬರಿಯಾಗಿ ದಾರಿ ಬಿಟ್ಟ.

ನೀಲಗುಂದದಾಗ ಅಮ್ಮಾರು ಗುಡಿ ಕಂಬಾ ತಡವಿ ತಡವಿ ಒಳಗ ಹೋದ್ರು. ಹದಿನೈದು ವರ್ಷದ ಬುಟ್ಟಿ ಇಳಿಸಿ ಅತ್ರು. ಹೆಡ್‌ಮಾಸ್ಟ್ರೂ ಅತ್ರು. ನಾನು ಹೊರಗ ನಿಂತು ಕಣ್ಣು ಒರಸ್ಕೊಂಡೆ. ಗಂಟ್ಲು ಕೆಟ್ಟು, ಮೂಗು ಉರೀತಿತ್ತು.

ಅಮ್ಮಾರು ಹೊರಗ ಬಂದ್ರು. ಕೈಯಾಗ ಒಂದು ತಂಬಿಗಿ ನೀರಿತ್ತು. ಗಂಡಗ ಹೇಳಿದ್ರು, "ಮದ್ಲು ಗೇರ್‌ಬಾಕ್ಸಿಗೆ ಕೊಡ್ರಿ. ಹರಪನಹಳ್ಳಿ ದಾಟಿದಾಗಿಂದ ಗಂಟ್ಲು ಒಣಗೇತಿ ಅದಕ್ಕ."

ನನಗ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. "ಅಮ್ಮಾರೆ, ಗೊತ್ತಿದ್ರೂ ಯಾಕ ಬಂದ್ರಿ?"

"ಬಾಡಿಗಿ ಕಾರಿಗೆ ಯಾವನಾದ್ರೂ ಇಷ್ಟು ದೂರ ಮೂಗಿನಾಗ ಗೇರು ಹಾಕ್ತಾನೇನಪಾ? ಆಗಲೇ ತಿಳೀತು, ಇದು ನಮ್ಮದೇ ಕಾರು ಅಂತ" ಅಂದ್ರು.

ಹೆಡ್‌ಮಾಸ್ಟ್ರು ಅಂಜಿಕೊಂತ, "ಹಂಗಾರ ನಾಳೆ ದಾವಣಗೆರಿಗೆ?" ಅಂದ್ರು.

"ಬರ್ತೀನಿ. ಇದೇ ಕಾರಿನಾಗ" ಅಂದು ಅಮ್ಮಾರು ನನ್ನ ಭುಜ ತಡವಿ ಹುಡುಕಿ ಮ್ಯಾಲೆ ಕೈಯಿಟ್ರು. "ನೀನೂ ಬಾ. ಆದ್ರ ನಾಳೆ ಬಾಯಿ ಮುಚ್ಕೊಂಡು ಕುಂದ್ರು. ಆಸ್ಪತ್ರಿ ಮುಂದ ಸಪ್ಪಳಾ ಮಾಡಬಾರ್ದು."