ಮದುಮಕ್ಕಳೇ ಹಾಡಿಕೊಂಡ ಮದುವೆ

ಕುಮಟಾದ ಹಳೇ ಟಾಕೀಸೊಂದರಲ್ಲಿ ನಾನು ಮ್ಯಾನೇಜರ್. ಪರದೆಯ ಮೇಲಿನ ಕತೆಗಿಂತ ಪರದೆಯ ಎದುರಿನ ಕತೆಯೇ ಜೋರು ಎಂಬುದು ನನಗೆ ಆಗಾಗ ಮನವರಿಕೆಯಾಗುತ್ತಲೇ ಇರುತ್ತದೆ. ಆದರೂ ಈಚಿನ ಒಂದು ವಾರ ನಡೆದದ್ದು ಸ್ವಲ್ಪ ಅತಿಯೇ ಆಯಿತು.

೧. ತಪ್ಪಿಹೋದ ಬಸ್ಸು

ಬಂದದ್ದು ಹೊಸ ಪ್ರೇಮಕತೆ. ಅದರಲ್ಲಿ ಮಾತೇ ಕಡಿಮೆ. ಚಹಾ ಬೇಕಾದರೂ ಹಾಡು, ಬಸ್ಸು ತಪ್ಪಿದರೂ ಹಾಡು. ಭಟ್ಕಳದಲ್ಲಿರುವ ನಮ್ಮ ಮಾಲೀಕರು ಫೋನಿನಲ್ಲಿ ಖಡಾಖಂಡಿತ ಹೇಳಿಬಿಟ್ಟರು: "ಇದೂ ಓಡದಿದ್ದರೆ ಟಾಕೀಸು ಮುಚ್ಚುವುದೇ. ಪ್ಲೈವುಡ್ಡಿನವರು ಗೋದಾಮಿಗೆ ಕೇಳ್ತಾ ಇದ್ದಾರೆ. ಬುಧವಾರ ಬಂದು ನೋಡ್ತೇನೆ."

ದಿನಾ ಹೊನ್ನಾವರದಿಂದ ಬಂದು ಇಪ್ಪತ್ತೆರಡು ವರ್ಷ ಇಲ್ಲೇ ಸವೆಸಿದವನು ನಾನು. ಶುಕ್ರವಾರ ಮೊದಲ ಆಟಕ್ಕೆ ಒಂಬತ್ತೇ ಜನ. ಆಟ ಮುಗಿದ ಮೇಲೆ ಪ್ರೊಜೆಕ್ಟರ್ ನಡೆಸುವ ಆಪರೇಟರ್ ಕಣ್ಣೊರೆಸಿಕೊಳ್ಳುತ್ತ ಇಳಿದು ಬಂದ.

"ನಮ್ಮ ಗತಿ ನೆನೆಸಿ ಅಳ್ತಿದ್ದೀಯೇನೋ?" ಎಂದೆ.

"ನಮ್ಮ ಗತಿಗೆ ಎಂತಕ್ಕೆ ಅಳ್ಲಿ? ಆ ಹುಡುಗಿಗೆ ಬಸ್ಸು ತಪ್ಪಿಹೋತಲ್ಲ ಮಾರಾಯ್ರೆ!"

ಮರುದಿನವೂ ಅದೇ ಬಸ್ಸಿಗೆ ಅತ್ತ.

೨. ಪದ್ಯ ಆತು, ಅರ್ಥ ಎಲ್ಲಿ?

ಭಾನುವಾರ ತದಡಿಯಿಂದ ಒಬ್ಬ ಅಜ್ಜ ಬಂದಿದ್ದರು, ಜೀವಮಾನವಿಡೀ ಯಕ್ಷಗಾನ ನೋಡಿದವರು. ಮಧ್ಯಂತರದಲ್ಲಿ ನೇರ ನನ್ನ ಕೋಣೆಗೆ ನುಗ್ಗಿದರು.

"ಪದ್ಯಕ್ಕೆ ಅಡ್ಡಿಲ್ಲ. ಅರ್ಥ ಎಂತಕ್ಕೆ ಹೇಳ್ಲಿಲ್ಲ?"

ಭಾಗವತರು ಪದ್ಯ ಮುಗಿಸಿದೊಡನೆ ವೇಷದವರು ಅದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಲ್ಲ, ಅದನ್ನೇ ಅವರು ಇಲ್ಲೂ ಕಾಯುತ್ತಿದ್ದರು. ಸಿನಿಮಾದಲ್ಲಿ ಹಾಗಿಲ್ಲ ಎಂದೆ.

"ಹಾಂಗಾರೆ ಅರೆಬರೆ ಆತಲ್ಲ. ನಾನೇ ಹೇಳ್ತೆ."

ಹೇಳಿಯೇಬಿಟ್ಟರು! ಪ್ರತಿ ಹಾಡು ಮುಗಿದಾಗಲೂ ಎದ್ದು ನಿಂತು, "ಎಲೈ ಪ್ರಾಣಕಾಂತನೇ, ಐದೂವರೆಯ ಬಸ್ಸು ಹೋದರೇನಾಯಿತು? ಆರು ಗಂಟೆಯದ್ದು ಇಲ್ಲವೇ?" ಎಂದು ನಾಯಕಿಯ ಪರವಾಗಿ ಗುಡುಗಿದರು. ಜನ ಬೈಯುತ್ತಾರೆಂದು ನಾನು ಒಳಗೆ ಓಡಿದರೆ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದಾರೆ. ಮರುದಿನ ಕೌಂಟರಿನಲ್ಲಿ ಹೀರೋ ಯಾರೆಂದು ಒಬ್ಬರೂ ಕೇಳಲಿಲ್ಲ. "ಅಜ್ಜ ಬಂದಾರಾ?" ಎಂದೇ ಕೇಳಿದರು.

೩. ಹುಡುಗಿ ಕಡೆಯವರು

ಬುಧವಾರ ಸಂತೆ. ತರಕಾರಿ ಮಾರಿ ಮುಗಿಸಿದ ಹತ್ತು ಹೆಂಗಸರು ಖಾಲಿ ಬುಟ್ಟಿ ಹಿಡಿದು ಮಧ್ಯಾಹ್ನದ ಆಟಕ್ಕೆ ಬಂದರು. ಮಾಲೀಕರೂ ಬಂದು, ಮುಖ ಬಿಗಿದುಕೊಂಡು ಹಿಂದೆ ನಿಂತರು.

ಕೊನೆಯಲ್ಲಿ ಮದುವೆ. ನೆಂಟರಿಲ್ಲ, ಇಷ್ಟರಿಲ್ಲ. ಹುಡುಗ ಹುಡುಗಿ ಹಾರ ಹಿಡಿದು ತಾವೇ ಹಾಡಿಕೊಳ್ಳತೊಡಗಿದರು. ಮದುವೆಯ ಪ್ರತಿ ಶಾಸ್ತ್ರಕ್ಕೂ ಬೇರೆ ಹಾಡಿರುವ ಊರಿನ ಹೆಂಗಸರಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ.

"ಅಯ್ಯೋ, ಮದುಮಕ್ಕಳೇ ಹಾಡ್ಕಳ್ತಾ ಇದ್ರಲ್ಲೇ! ಹಾಡು ಹೇಳೂಕೆ ಒಬ್ಬರೂ ದಿಕ್ಕಿಲ್ವಾ ಅವ್ಕೆ?" ಎಂದು ಹಿರಿಯಾಕೆ ಎದ್ದಳು. "ಏ ತಮಾ, ನಿಲ್ಸು ಅದ್ನ! ನಾವು ಹೇಳ್ತೇವು."

ಆಪರೇಟರ್ ಅಳುತ್ತಲೇ ನಿಲ್ಲಿಸಿದ. ಪರದೆಯ ಮೇಲೆ ಜೋಡಿ ಹಾರ ಎತ್ತಿ ಹಿಡಿದು ಕಾಯುತ್ತಿತ್ತು. ಹತ್ತೂ ಜನ ನಿಂತು ಹಾಡಿದರು. ಅಂದೂ ಬಂದಿದ್ದ ಅಜ್ಜ ಅರ್ಥ ಹೇಳಲು ಎದ್ದರೆ, "ನೀವು ಕೂತ್ಕಳಿ, ಮುಹೂರ್ತ ಮೀರ್ತದೆ" ಎಂದು ಗದರಿ ಕೂರಿಸಿದರು. ಮುಡಿಯ ಅಬ್ಬಲಿಗೆ ಹೂ ಕಿತ್ತು ಪರದೆಗೆ ಎಸೆದರು. ಒಬ್ಬಾಕೆ ಸಂತೆಯಲ್ಲಿ ಕೊಂಡ ಸಕ್ಕರೆ ಪೊಟ್ಟಣ ಬಿಚ್ಚಿ ಸಾಲಾಗಿ ಹಂಚುತ್ತ ಮಾಲೀಕರ ಹತ್ತಿರ ಬಂದಳು.

"ನೀವು ಯಾರ ಕಡೆಯವ್ರು?"

ಮಾಲೀಕರು ಪರದೆ ನೋಡಿದರು, ಅಂಗೈಯ ಸಕ್ಕರೆ ನೋಡಿದರು.

"ಹುಡುಗಿ ಕಡೆ," ಎಂದರು ಮೆಲ್ಲಗೆ.

ಸಕ್ಕರೆ ಬಾಯಿಗೆ ಹಾಕಿಕೊಂಡು ನನ್ನತ್ತ ತಿರುಗಿದರು: "ಪ್ಲೈವುಡ್ಡಿನವರಿಗೆ ಬೇರೆ ಜಾಗ ನೋಡ್ಕೊಳ್ಳಿ ಅಂತ ಹೇಳಿಬಿಡು. ಮತ್ತೆ, ನಾಳೆ ಮದುವೆ ಎಷ್ಟು ಗಂಟೆಗೆ?"